ಹಳದಿ ಬಾಲದ ವಿಮಾನ

ಕೃಷ್ಣಪ್ರಸಾದ ಮಾಡಿದ ತಪ್ಪು ಒಂದೇ. ಹೆಗಲ ಮೇಲಿನ ಟ್ರೈಪಾಡ್ ಎಲ್ಲಿಗೆ ಹೊರಟಿದೆ ಎಂದು ಪಕ್ಕದ ಮನೆಯ ಕಾತ್ಯಾಯಿನಿ ಕೇಳಿದ್ದಕ್ಕೆ ನಿಜ ಹೇಳಿದ್ದು.

"ಏರ್‌ಪೋರ್ಟ್ ಬೇಲಿ ಹತ್ರ ಹೋಗ್ತಿದೀನಿ ಆಂಟಿ. ಲಾಕ್‌ಡೌನಲ್ಲಿ ನಿಲ್ಲಿಸಿರೋ ವಿಮಾನಗಳ ಫೋಟೋ ತೆಗಿಯಕ್ಕೆ."

"ನಡ್ಕೊಂಡೇ ತಾನೆ? ನಂಗೂ ಡಾಕ್ಟ್ರು ವಾಕಿಂಗ್ ಮಾಡಿ ಅಂದಿದಾರೆ."

ಡಾಕ್ಟ್ರು ಎಂದರೆ ಎದುರುಮನೆಯ ಚಾಮರಾಜ. ಹಗಲೆಲ್ಲ ಆಸ್ಪತ್ರೆಯಲ್ಲಿ 'ಗುಂಪು ಸೇರಬೇಡಿ' ಎಂದು ಬೋಧಿಸಿ ಬಂದಿದ್ದ ಆತ, ಹೆಂಡತಿ ವನಜಾಳನ್ನು ಕರೆದುಕೊಂಡು ತಾನೂ ಹೊರಟ. ಐರ್ಲೆಂಡಿನ ಸ್ವೋರ್ಡ್ಸ್ ಊರಿನ ಆ ಬೀದಿಯಲ್ಲಿ ವರ್ಷದಿಂದ ಇಂಥ ಸಂಭ್ರಮ ನಡೆದಿರಲಿಲ್ಲ. ಕಾತ್ಯಾಯಿನಿ ವಾಕಿಂಗಿಗೆ ಬೇಕಾಗುತ್ತದೆಂದು ಮಡಚುವ ಕುರ್ಚಿಯನ್ನೂ ಪುಳಿಯೋಗರೆಯನ್ನೂ ತಂದರು.

ಬೇಲಿಯಾಚೆ ವಿಮಾನಗಳು ಕೊನೆಯ ಬಸ್ಸು ತಪ್ಪಿಸಿಕೊಂಡ ನೆಂಟರಂತೆ ಒತ್ತೊತ್ತಾಗಿ ನಿಂತಿದ್ದವು.

"ಕತ್ತಲಲ್ಲಿ ಒಂದು ಫೋಟೋಗೆ ಮೂವತ್ತು ಸೆಕೆಂಡ್ ಬೇಕು, ಯಾರೂ ಅಡ್ಡ ಬರ್ಬೇಡಿ," ಎಂದ ಕೃಷ್ಣಪ್ರಸಾದ.

ಇಪ್ಪತ್ತನೆಯ ಸೆಕೆಂಡಿಗೆ ಪುಳಿಯೋಗರೆ ಅಡ್ಡ ಬಂತು. ಮುಂದಿನ ಸಲ, ಫೋನು ಬಿಟ್ಟು ಬೇರಾವುದರಲ್ಲೂ ಫೋಟೋ ತೆಗೆಯದ ಚಾಮರಾಜ ಟಾರ್ಚ್ ಹಾಕಿ ಕ್ಯಾಮೆರಾ ಹಿಡಿಯುವ ಬಗ್ಗೆ ಪಾಠ ಮಾಡಿದ. ಏಳನೆಯ ಪ್ರಯತ್ನದ ಹೊತ್ತಿಗೆ ಬೇಲಿಯಾಚೆ ಒಮ್ಮೆಲೇ ದೀಪಗಳು ಹೊತ್ತಿಕೊಂಡವು; ಒಂದು ಹಳದಿ ಬಾಲದ ವಿಮಾನ ಎಷ್ಟು ಚೆನ್ನಾಗಿ ಬಂತೆಂದರೆ, ಕೃಷ್ಣಪ್ರಸಾದ ಅದನ್ನು ನೋಡುತ್ತ ಚಳಿಯನ್ನೇ ಮರೆತ.

ಅಷ್ಟರಲ್ಲಿ ದೂರದಲ್ಲಿ ಒಂದು ಟಾರ್ಚು ಬೆಳಗಿತು. ಹಿಂದೆ ಮಿರುಗುವ ಜಾಕೆಟ್ಟು.

"ಪೊಲೀಸ್," ಎಂದಳು ವನಜಾ. "ಮೂರು ಮನೆಯೋರು ಒಟ್ಟಿಗೆ ಇದೀವಿ, ರೂಲ್ಸ್ ಪ್ರಕಾರ ತಪ್ಪು. ಪ್ರಸಾದ್, ನಿಮ್ಮ ಸಿಟಿಜನ್‌ಶಿಪ್ ಅರ್ಜಿ ಇನ್ನೂ ಪೆಂಡಿಂಗ್ ಅಲ್ವಾ?"

"ಏರ್‌ಪೋರ್ಟ್ ಫೋಟೋ ಬೇರೆ," ಎಂದ ಚಾಮರಾಜ. "ಸಾಕ್ಷಿ ಕೈಲಿಟ್ಕೊಂಡು ನಿಂತಿದೀಯಲ್ಲೋ. ಎಸಿ ಅದನ್ನ."

ಆರು ವರ್ಷದ ದುಡಿಮೆ, ಎರಡು ವರ್ಷದ ಕಾಯುವಿಕೆ ಕಣ್ಣಮುಂದೆ ಬಂದವು. ಕೃಷ್ಣಪ್ರಸಾದ ಕ್ಯಾಮೆರಾದಲ್ಲಿದ್ದ ಒಂದೇ ಮೆಮೊರಿ ಕಾರ್ಡನ್ನು ಕಿತ್ತು ನೀರು ತುಂಬಿದ ಚರಂಡಿಗೆ ಎಸೆದ. ತಿರುಗಿ ನೋಡಿದರೆ, ಆತ್ಮೀಯ ನೆರೆಯವರು ಮೂವರೂ ಹತ್ತು ಮಾರು ದೂರ ಸರಿದು, ಹುಟ್ಟಿನಿಂದ ಅಪರಿಚಿತರಂತೆ ನಕ್ಷತ್ರ ನೋಡುತ್ತಿದ್ದರು.

ಬಂದವನು ವಯಸ್ಸಾದ ಐರಿಷ್ ಮನುಷ್ಯ. ಜಾಕೆಟ್ಟಿನ ಮೇಲೆ ಮೆಕ್ಯಾನಿಕ್ ಎಂದು ಬರೆದಿತ್ತು.

"ಹೆದರ್ಬೇಡಿ, ನಾನು ಪೊಲೀಸಲ್ಲ. ಆ ಹಳದಿ ಬಾಲದ್ದು ಇದೆಯಲ್ಲ, ಹದಿನೇಳು ವರ್ಷ ಅದನ್ನ ರಿಪೇರಿ ಮಾಡಿದೀನಿ. ನಾಳೆ ಬೆಳಿಗ್ಗೆ ಗುಜರಿಗೆ ಹೋಗುತ್ತೆ. ನನ್ನ ಹತ್ರ ಒಂದು ಒಳ್ಳೆ ಫೋಟೋನೂ ಇಲ್ಲ. ಒಂದು ಕಾಪಿ ಕಳಿಸ್ತೀರಾ?"

ಕೃಷ್ಣಪ್ರಸಾದ ಚರಂಡಿಗೆ ಬೆನ್ನು ಮಾಡಿ ನಿಂತ.

"ಸಾರಿ. ಒಂದೂ ಸರಿಯಾಗಿ ಬರ್ಲಿಲ್ಲ. ಬೆಳಕು ಸಾಲ್ಲಿಲ್ಲ."

ಮುದುಕ ಟಾರ್ಚು ಆರಿಸಿ ವಿಮಾನದತ್ತ ತಿರುಗಿದ.

"ಗ್ರ್ಯಾಂಡ್," ಎಂದ, 'ಇರಲಿ ಬಿಡಿ' ಎನ್ನುವ ಐರಿಷ್ ಅರ್ಥದಲ್ಲಿ. "ಬೇಲಿ ಹತ್ರ ಕ್ಯಾಮೆರಾ ಕಾಣಿಸ್ತಲ್ಲ, ಮ್ಯಾನೇಜರ್ ಹತ್ರ ಜಗಳ ಆಡಿ ಆ ಲೈಟೆಲ್ಲ ಹಾಕ್ಸಿದ್ದು ನಾನೇ."