ನಡೆಯಲು ಬಿಡದ ಊರಿನಲ್ಲಿ ವಾಕಿಂಗ್

ನಮ್ಮ ಊರಿನಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಹುದು, ಸುಮ್ಮನೆ ನಡೆಯಲು ಮಾತ್ರ ಆಗುವುದಿಲ್ಲ. ಹಿರಿಯಡ್ಕದ ಮಾರ್ಗದ ಬದಿಯಲ್ಲಿ ಗುರುತಿನವನೊಬ್ಬ ನಡೆದು ಹೋಗುತ್ತಿದ್ದಾನೆಂದರೆ ಅವನಿಗೇನೋ ಕಷ್ಟ ಬಂದಿದೆ ಎಂದೇ ಎಲ್ಲರ ತೀರ್ಮಾನ. ಸ್ಕೂಟರಿನವರು ನಿಲ್ಲಿಸುತ್ತಾರೆ, ಕಾರಿನವರು ಗಾಜು ಇಳಿಸುತ್ತಾರೆ, ಹಾಲಿನ ಟೆಂಪೋದವನು ಕೂಡ ಕ್ಯಾನು ಸರಿಸಿ ಜಾಗ ಮಾಡುತ್ತಾನೆ. "ಎಂತ ಮಾರಾಯ್ರೇ, ಗಾಡಿ ಕೆಟ್ಟಿತಾ?" ಎಂದು ಕೇಳಿದವರಿಗೆ "ಇಲ್ಲ, ವ್ಯಾಯಾಮ" ಎನ್ನಲು ಧೈರ್ಯ ಬೇಕು. ಕಳೆದ ವರ್ಷದ ನನ್ನ ಹೊಟ್ಟೆ ನೋಡಿದವರು ಆ ಮಾತನ್ನು ನಂಬುತ್ತಲೂ ಇರಲಿಲ್ಲ. ಇನ್ನು ಲಿಫ್ಟ್ ಬೇಡವೆಂದರೆ ಕೇಳಿದವರಿಗೆ ಬೇಸರ. "ಅವರೀಗ ದೊಡ್ಡ ಜನ ಆಗಿದ್ದಾರೆ" ಎಂದು ಸಂಜೆಯೊಳಗೆ ಪೇಟೆಯಿಡೀ ಸುದ್ದಿ. ನಾನು ಮೊದಲೇ ದಾಕ್ಷಿಣ್ಯದ ಪ್ರಾಣಿ. ಹತ್ತಿ ಕೂರುತ್ತಿದ್ದೆ.

ಅಷ್ಟು ವರ್ಷ ಇಲ್ಲದ ವಾಕಿಂಗ್ ಒಮ್ಮೆಲೇ ಯಾಕೆ ಬಂತು ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಬೆಳ್ಮಣ್ಣಿನಲ್ಲಿರುವ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಗದ್ದೆ, ದನದ ಹಟ್ಟಿ ಎಂದು ಜೀವಮಾನವಿಡೀ ಓಡಾಡಿದ ಅವರಿಗೆ ಕಾಪುವಿನ ಲೈಟ್‌ಹೌಸ್ ಹತ್ತಿ ಮೇಲಿನಿಂದ ಕಡಲು ನೋಡಬೇಕೆಂಬುದು ಬಹಳ ಕಾಲದ ಆಸೆ. ಕಳೆದ ವರ್ಷ ನಾನೇ ಉಮೇದಿನಿಂದ ಕರೆದುಕೊಂಡು ಹೋಗಿದ್ದೆ. ಒಳಗೆ ಸುತ್ತಿ ಸುತ್ತಿ ಏರುವ ಇಕ್ಕಟ್ಟಿನ ಮೆಟ್ಟಿಲು. ಮರ್ಯಾದೆಯ ಪ್ರಕಾರ ಅಳಿಯ ಮುಂದೆ, ಅತ್ತೆ ಹಿಂದೆ, ಅವರ ಹಿಂದೆ ನನ್ನ ಹೆಂಡತಿ ಸುಜಾತ, ಅವಳ ಹಿಂದೆ ಯಾವುದೋ ಊರಿನಿಂದ ಬಂದ ಪ್ರವಾಸಿಗಳ ಸಾಲು. ಅರ್ಧಕ್ಕೆ ಬರುವಾಗ ನನ್ನ ಉಸಿರು ಮುಗಿಯಿತು. ಕಾಲು ನಡುಗಿತು. ಕೈಕಂಬಿ ಹಿಡಿದು ನಿಂತೇಬಿಟ್ಟೆ. "ಎಂತ ಆಯ್ತು? ಮುಂದೆ ಹೋಗಿ!" ಎಂದು ಕೆಳಗಿನಿಂದ ಕೂಗು. ನನ್ನನ್ನು ದಾಟಿ ಹೋಗಲು ಜಾಗವಿಲ್ಲ. ದಾಟಬಹುದಾದ ಗಾತ್ರ ನನ್ನದಲ್ಲ. ಕೊನೆಗೆ ಅಷ್ಟೂ ಜನ ಹಿಂದೆ ಹಿಂದೆ ಹೆಜ್ಜೆ ಇಟ್ಟು ಕೆಳಗಿಳಿಯಬೇಕಾಯಿತು.

ಅತ್ತೆ ನನ್ನನ್ನು ಬೈಯಲಿಲ್ಲ. "ನೀವಿಬ್ಬರೇ ಹೋಗಿ ಬನ್ನಿ" ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಅಳಿಯಂದಿರು ಕೆಳಗೆ ಕೂತಿರುವಾಗ ನಾನು ಮೇಲೆ ಹೋಗುವುದಾ? ಚೆಂದ ಅಲ್ಲ. ಕಡಲು ಎಲ್ಲಿಗೆ ಹೋಗುತ್ತದೆ, ಅಲ್ಲೇ ಇರುತ್ತದೆ. ನನ್ನ ಮೊಣಕಾಲಿನ ಗಂಟು ಇನ್ನೊಂದು ವರ್ಷ ತಡೆದರೆ ಸಾಕು" ಎಂದರು. ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ಈ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು.

ಮರುದಿನವೇ ಬಿಳಿ ಕ್ಯಾನ್ವಾಸ್ ಶೂ ಕೊಂಡೆ. ಬೆಳಿಗ್ಗೆ ಆರೂವರೆಗೆ ಹೊರಟು ಮಾರ್ಗಕ್ಕೆ ಬಂದು ಇನ್ನೂರು ಹೆಜ್ಜೆ ಹಾಕಿರಬೇಕು, ಕಾರ್ಕಳದಿಂದ ಬರುವ ಬಸ್ಸು ಪಕ್ಕದಲ್ಲೇ ನಿಂತಿತು. ಬಾಗಿಲಲ್ಲಿ ಕಂಡಕ್ಟರ್ ಸದಾನಂದ. ನಾನು ದಿನಾ ಮಣಿಪಾಲದ ಆಫೀಸಿಗೆ ಇವರ ಎರಡನೆಯ ಟ್ರಿಪ್ಪಿನಲ್ಲೇ ಹೋಗುವುದು. "ಬನ್ನಿ ಸಾರ್, ಸೀಟು ಉಂಟು!" "ಇಲ್ಲ ಸದಾನಂದಣ್ಣ, ವಾಕಿಂಗ್." "ವಾಕಿಂಗ್ ನಾಳೆ ಮಾಡಿದರಾಯ್ತು, ಈಗ ಹತ್ತಿ, ಟೈಮಾಯ್ತು!" ಎಂದು ಸೀಟಿ ಊದಿಯೇಬಿಟ್ಟರು. ಬಸ್ಸಿನೊಳಗಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹತ್ತಿದೆ. ಹೀಗೆ ಆರೋಗ್ಯಕ್ಕೆಂದು ಹೊರಟ ನಾನು ಮೊಣಕಾಲಿನವರೆಗಿನ ಚಡ್ಡಿಯಲ್ಲಿ ಮಣಿಪಾಲದಲ್ಲಿ ಇಳಿದು, ಬನ್ಸ್ ತಿಂದು, ಇನ್ನೊಂದು ಬಸ್ಸಿನಲ್ಲಿ ಮನೆಗೆ ಬಂದೆ.

ಎರಡು ವಾರ ಇದೇ ನಡೆಯಿತು. ಸಂಜೆ ಸುಜಾತಳ ಮುಂದೆ ಊರಿನವರನ್ನೆಲ್ಲ ಬೈದುಕೊಳ್ಳುತ್ತಿದ್ದೆ: ಒಬ್ಬ ಮನುಷ್ಯ ಉದ್ಧಾರವಾಗಲು ಹೊರಟರೆ ಇವರು ಬಿಡುವುದಿಲ್ಲ. ಒಂದು ದಿನ ಸದಾನಂದ ರಜೆ. ಅವರ ಬದಲಿಗೆ ಬಂದ ಕಂಡಕ್ಟರಿಗೆ ನನ್ನ ಪರಿಚಯವಿಲ್ಲ. ಬಸ್ಸು ಭರ್ರನೆ ಹೋಯಿತು. ನನಗೆ ಎಂಥ ಸಿಟ್ಟು ಬಂತೆಂದರೆ, ಮಾರ್ಗದ ನಡುವೆ ನಿಂತು "ಏಯ್, ಏಯ್!" ಎಂದು ಕೈ ಬೀಸಿದೆ. ಆಮೇಲೆ ಕೈ ಇಳಿಸಿ ಅಲ್ಲೇ ನಿಂತೆ. ಇಷ್ಟು ದಿನ ನನ್ನ ಕಾಲು ನಡೆಯುತ್ತಿದ್ದರೆ ಕಿವಿ ಹಾರ್ನಿಗೆ ಕಾಯುತ್ತಿತ್ತು. ಊರಿನವರದ್ದು ಏನೂ ತಪ್ಪಿರಲಿಲ್ಲ. ನನ್ನಿಂದ ಆಗುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ನಂಬಿದವನು ನಾನೇ. ಅವತ್ತು ಮನೆಗೆ ಬಂದು ಶೂ ಬಿಚ್ಚಿ ಅಟ್ಟಕ್ಕೆ ಎಸೆದೆ. "ಅತ್ತೆಗೆ ಮೊಬೈಲಿನಲ್ಲೇ ಕಡಲು ತೋರಿಸಿಬಿಡುವ" ಎಂದೆ.

ಮರುದಿನ ಬೆಳಿಗ್ಗೆ ಸುಜಾತ ಬಂದು, "ಪಂಪು ಕೆಟ್ಟಿದೆ. ಮನೆಗೆ ನಳ್ಳಿ ನೀರು ಸಾಕು, ಮಲ್ಲಿಗೆ ಗಿಡಗಳು ಬಾಡುತ್ತವೆ. ಎರಡು ಕೊಡಪಾನ ನೀರು ತಂದುಕೊಡಿ" ಎಂದಳು. ನಮ್ಮ ಮನೆಯ ಬಾವಿ ಇರುವುದು ಹಿತ್ತಲಿನ ತಗ್ಗಿನಲ್ಲಿ. ಅಲ್ಲಿಗೆ ಕೆಂಪುಕಲ್ಲಿನ ಮೆಟ್ಟಿಲು. ಅವಳ ಮಲ್ಲಿಗೆ ಇರುವುದು ತಾರಸಿಯ ಮೇಲೆ, ಸಾಲು ಸಾಲು ಕುಂಡಗಳಲ್ಲಿ. ಎರಡು ಎಂದದ್ದು ನಾಲ್ಕಾಯಿತು, ಒಂದು ತಿಂಗಳಾಗುವಾಗ ಹತ್ತಾಯಿತು. ನನ್ನಿಂದ ಆಗುತ್ತದೋ ಇಲ್ಲವೋ ಎಂದು ಯೋಚಿಸಲು ಗಿಡಗಳು ಸಮಯ ಕೊಡಲಿಲ್ಲ. ನೀರು ಕಡಿಮೆಯಾದರೆ ಮರುದಿನ ಮೊಗ್ಗು ಕಡಿಮೆ, ಸುಜಾತಳ ಮುಖ ಇಷ್ಟು ದಪ್ಪ. ಹಿತ್ತಲಿಗೆ ಬಂದು "ಹತ್ತಿ ಸಾರ್" ಎನ್ನುವವರೂ ಯಾರೂ ಇಲ್ಲ. ಪಂಪಿನ ಮೆಕ್ಯಾನಿಕ್ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎನ್ನುತ್ತಲೇ ತಿಂಗಳುಗಳು ಕಳೆದವು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಒಂದು ದಿನ ಸಹಿಸಲಾರದೆ ನಾನೇ ಸ್ವಿಚ್ ಒತ್ತಿದೆ. ಪಂಪು ಗುಂಯ್ ಎಂದು ನೀರು ಎತ್ತಿತು! ಸುಜಾತ ಅಡುಗೆಮನೆಯಿಂದಲೇ, "ಸರಿಯಾಯ್ತಾ? ದೇವರು ದೊಡ್ಡವರು. ಅಮ್ಮನಿಗೆ ಫೋನ್ ಮಾಡಲಾ?" ಎಂದಳು.

ಮುಂದಿನ ಭಾನುವಾರ ಸಂಜೆ ಮತ್ತೆ ಅದೇ ಮೆಟ್ಟಿಲು, ಅದೇ ಕ್ರಮ. ಅತ್ತೆ ಈಗ ಪ್ರತಿ ಮೆಟ್ಟಿಲಿಗೂ ಮೊಣಕಾಲಿನ ಗಂಟು ಒತ್ತಿಕೊಂಡು ಏರುತ್ತಿದ್ದರು. ಹೋದ ಸಲ ನಿಂತ ಜಾಗ ಬಂತು. ಉಸಿರು ಚೆನ್ನಾಗಿಯೇ ಇತ್ತು, ಕಾಲೂ ಗಟ್ಟಿ ಇತ್ತು. ಆದರೂ ಆ ಜಾಗವನ್ನು ನೋಡಿದ್ದೇ ಒಳಗಿನಿಂದ ಯಾರೋ "ಸಾಕು ಮಾರಾಯ" ಎಂದ ಹಾಗಾಗಿ ನಿಂತುಬಿಟ್ಟೆ. ಕೆಳಗಿನಿಂದ "ಎಂತ ಆಯ್ತು?" ಎಂಬ ಕೂಗು. ಅತ್ತೆ ಅಲ್ಲಿಂದಲೇ ಗಟ್ಟಿಯಾಗಿ, "ಎಂತದ್ದೂ ಆಗಲಿಲ್ಲ! ನನಗೆ ಗಂಟು ನೋವು, ಅಳಿಯಂದಿರು ನನಗೋಸ್ಕರ ನಿಂತದ್ದು!" ಎಂದು ಉತ್ತರ ಕೊಟ್ಟರು. ನಂತರ ಮೆಲ್ಲಗೆ ನನಗೆ, "ಮಲ್ಲಿಗೆಗೆ ನೀರು ಹಾಕಲಿಕ್ಕೆ ಉಂಟು ಅಂತ ಎಣಿಸಿಕೊಳ್ಳಿ" ಎಂದರು. ಅಂದರೆ ಪಂಪಿನ ಸಂಗತಿ ಬೆಳ್ಮಣ್ಣಿನವರೆಗೂ ಗೊತ್ತಿತ್ತು. ನಗು ಬಂತು, ನಗುತ್ತಲೇ ಹತ್ತಿದೆ.

ಮೇಲೆ ಗಾಳಿಯೋ ಗಾಳಿ. ಅತ್ತೆ ಸೆರಗು ಬಿಗಿಹಿಡಿದು ಕಡಲನ್ನು ಒಂದು ನಿಮಿಷ ನೋಡಿದರು. ಮತ್ತೆ ಅದಕ್ಕೆ ಬೆನ್ನು ಹಾಕಿ ಮೂಡಣಕ್ಕೆ ತಿರುಗಿದರು. "ಅದು ನಂದಿಕೂರಿನ ಪವರ್ ಪ್ಲಾಂಟಿನ ಚಿಮಣಿ ಅಲ್ವಾ? ಹಾಗಾದರೆ ನಮ್ಮ ಮನೆ ಅದರ ಆಚೆ. ಹಟ್ಟಿಯ ಬಾಗಿಲು ಹಾಕಿದ್ದೇನಾ ಅಂತ ಒಂದು ಸಂಶಯ" ಎಂದು ಬಹಳ ಹೊತ್ತು ಆ ಕಡೆಗೇ ಕಣ್ಣು ಕಿರಿದು ಮಾಡಿ ನಿಂತರು. ಅವರ ಮುಖ ಮಕ್ಕಳ ಮುಖದಷ್ಟು ಅರಳಿತ್ತು. ನನಗೆ ಆ ದಿನ ಆದಷ್ಟು ಸಂತೋಷ ನೌಕರಿ ಸಿಕ್ಕಿದ ದಿನವೂ ಆಗಿರಲಿಲ್ಲ.

ಈಗ ನನ್ನನ್ನು ನೋಡಿದವರು ಗುಟ್ಟು ಕೇಳುತ್ತಾರೆ. ದೃಢಮನಸ್ಸು, ಶಿಸ್ತು ಎಂದು ನಾನೂ ಸ್ವಲ್ಪ ಭಾಷಣ ಬಿಗಿಯುತ್ತೇನೆ. ಮೊನ್ನೆ ಬೆಳಿಗ್ಗೆ ಸ್ಕೂಟರಿನಲ್ಲಿ ಪೇಟೆಗೆ ಹೋಗುತ್ತಿದ್ದಾಗ ಮಾರ್ಗದ ಬದಿಯಲ್ಲಿ ಹೊಚ್ಚಹೊಸ ಬಿಳಿ ಶೂ ಹಾಕಿಕೊಂಡು ಒಬ್ಬರು ಏದುಸಿರು ಬಿಡುತ್ತಾ ನಡೆಯುತ್ತಿದ್ದರು. ನೋಡಿದರೆ ಸದಾನಂದ. ನನ್ನ ಕೈ ತಾನಾಗಿ ಬ್ರೇಕ್ ಹಿಡಿಯಿತು. "ಎಂತ ಸದಾನಂದಣ್ಣ, ನಡೆದುಕೊಂಡು? ಹತ್ತಿ!" ಎಂದೆ. "ಇಲ್ಲ ಸಾರ್, ಶುಗರ್ ಉಂಟಂತೆ. ಡಾಕ್ಟರು ನಡೆಯಲಿಕ್ಕೆ ಹೇಳಿದ್ದಾರೆ" ಎಂದರು. "ವಾಕಿಂಗ್ ನಾಳೆ ಮಾಡಿದರಾಯ್ತು!" ಎಂದುಬಿಟ್ಟೆ. ಬಾಯಿಂದ ಬಿದ್ದ ಮಾತು ಕಿವಿಗೆ ತಲುಪುವಷ್ಟರಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಆ ಮುಖದಲ್ಲಿದ್ದ ನೆಮ್ಮದಿ ನನಗೆ ಚೆನ್ನಾಗಿ ಪರಿಚಯದ್ದು.