ಬಲ್ಬಿನಡಿ ಕಪ್ಪು, ಬಿಸಿಲಿಗೆ ನೀಲಿ

ಮದುವೆಗೆ ಕಪ್ಪು ಬಟ್ಟೆ ಹಾಕಿಕೊಂಡು ಹೋಗಬಹುದೇ ಎಂಬ ಗಹನವಾದ ಪ್ರಶ್ನೆಗೆ ಅಧಿಕಾರವಾಣಿಯಿಂದ ಉತ್ತರ ಕೊಡಬಲ್ಲವರು ಆ ಬೀದಿಯಲ್ಲಿ ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಬಣ್ಣದವರು ಎಂದೇ ಕರೆಯುತ್ತಿದ್ದರು. ಹಳೆ ಬಟ್ಟೆಗೆ ಹೊಸ ಬಣ್ಣ ಹಾಕಿಕೊಡುವುದು ಅವರ ಕಸುಬು. ಮೂವತ್ತು ವರ್ಷ ತೊಟ್ಟಿಯಲ್ಲಿ ಕೈ ಅದ್ದಿ ಅದ್ದಿ ಹತ್ತು ಉಗುರಿಗೂ ಹತ್ತು ಬಣ್ಣ ಬಂದಿತ್ತು. ಮುಷ್ಟಿ ಬಿಗಿಹಿಡಿದಾಗ ಮಾತ್ರ ಅವರು ಸಭ್ಯ ಗೃಹಸ್ಥರಂತೆ ಕಾಣುತ್ತಿದ್ದರು. ಅದರಲ್ಲೂ ಅವರ ಕಪ್ಪು ಎಂದರೆ ಕಪ್ಪು. ಸಾವಿಗೆ ಕಪ್ಪು ತೊಡುವ ಆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಬಟ್ಟೆಯ ಗಂಟು ನೆಟ್ಟಗೆ ಇವರ ಬಾಗಿಲಿಗೇ ಬರುತ್ತಿತ್ತು. ಹಾಗಾಗಿ ಕಪ್ಪಿನ ಶಿಷ್ಟಾಚಾರದ ಬಗ್ಗೆ ಅವರ ತೀರ್ಪಿಗೆ ಮೇಲ್ಮನವಿ ಇರಲಿಲ್ಲ: "ಅಳೋ ಕಡೆಗೆ ಕಪ್ಪು, ನಗೋ ಕಡೆಗೆ ಬೇರೆ ಏನಾದ್ರೂ."

ಇಂಥವರ ಮೇಜಿನ ಮೇಲೆ ಒಂದು ಬೆಳಿಗ್ಗೆ ಅವರ ಹೆಂಡತಿಯೇ ತನ್ನ ತಿಳಿಗೆಂಪು ರೇಷ್ಮೆ ಗೌನನ್ನು ತಂದು ಇಟ್ಟಳು.

"ಇದಕ್ಕೆ ಕಪ್ಪು ಹಾಕ್ಕೊಡಿ."

ಬಣ್ಣದವರು ಥಟ್ಟನೆ ಎದ್ದು ನಿಂತು ಮುಖ ಸಪ್ಪಗೆ ಮಾಡಿಕೊಂಡರು. (ಕಸುಬಿನ ಅಭ್ಯಾಸ, ಪಾಪ.) "ಯಾರಿಗೆ ಏನಾಯ್ತೇ?"

"ಯಾರಿಗೂ ಏನೂ ಆಗಿಲ್ಲ, ಕೂತ್ಕೊಳ್ಳಿ. ಅಕ್ಕನ ಮಗಳ ಮದುವೆಗೆ ಹಾಕ್ಕೊಂಡು ಹೋಗೋಕೆ."

ಬಣ್ಣದವರು ಕೂತರು. ಕುರ್ಚಿ ಅಲ್ಲೇ ಇದ್ದದ್ದು ಪುಣ್ಯ.

ಅವರು ಹಾಗೆ ಕೂತದ್ದಕ್ಕೆ ಕಾರಣವಿತ್ತು. ಇಪ್ಪತ್ತೈದು ವರ್ಷದ ಹಿಂದೆ ಇವರಿಬ್ಬರ ಮದುವೆಗೆ ಈ ಅಕ್ಕನೇ ಅಡಿಯಿಂದ ಮುಡಿಯವರೆಗೆ ಕಪ್ಪು ಹಾಕಿಕೊಂಡು ಬಂದಿದ್ದರು. "ತಂಗಿ ಮದುವೆ ಆಗ್ತಿರೋದು ಇವಳಿಗೆ ಸಾವಿನ ಮನೆ ಹಂಗಾಗಿದೆ, ಹೊಟ್ಟೆಕಿಚ್ಚು" ಎಂದು ನೆಂಟರೆಲ್ಲ ಆಡಿಕೊಂಡಿದ್ದರು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ಇತ್ತು, ಆದರೆ ಮಾತಿನಲ್ಲಿ ಜೀವ ಇರಲಿಲ್ಲ. ಹೋದ ತಿಂಗಳು ತಂಗಿ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದಳು. ಬಂದ ಮೇಲೆ ಈ ಗೌನಿನ ವರಸೆ!

"ಸೇಡು ತೀರಿಸ್ಕೋತೀಯಾ?" ಬಣ್ಣದವರು ದನಿ ತಗ್ಗಿಸಿ ಕೇಳಿದರು. "ಇಷ್ಟು ವರ್ಷ ಆದ್ಮೇಲೆ? ಅದೂ ಆ ಮಗು ಮದುವೇಲಿ?"

"ನಿಮಗೆ ಯಾಕೆ ಅದೆಲ್ಲ? ಬಣ್ಣ ಹಾಕೋಕೆ ಬರುತ್ತೆ ತಾನೇ?"

"ನಾನು ಆಗಲ್ಲ ಅಂದ್ರೆ?"

"ಎದುರು ಬೀದಿಯವನ ಹತ್ರ ಹಾಕಿಸ್ಕೋತೀನಿ."

ಎದುರು ಬೀದಿಯವನ ಕಪ್ಪು ಮೂರು ತೊಳೆತಕ್ಕೆ ಬೂದಿಯಾಗುತ್ತಿತ್ತು. ಅಂಥವನ ಕೈಯ ಬಣ್ಣ ತನ್ನ ಹೆಂಡತಿಯ ಮೈಮೇಲೆ! ಬಣ್ಣದವರು ಗೌನನ್ನು ಅಂಗಡಿಯೊಳಗೆ ತೆಗೆದುಕೊಂಡು ಹೋದರು.

ತೊಟ್ಟಿಯ ಮುಂದೆ ನಿಂತಾಗ ಅವರಿಗೊಂದು ದಿವ್ಯವಾದ ಉಪಾಯ ಹೊಳೆಯಿತು. ಬಣ್ಣ ಹಾಕುವವರಿಗೆಲ್ಲ ಗೊತ್ತಿರುವ ಒಂದು ಪೀಕಲಾಟವಿದೆ. ಬಲ್ಬಿನ ಬೆಳಕಿನಲ್ಲಿ ಒಂದು ಬಣ್ಣ ಕಂಡರೆ ಬಿಸಿಲಿನಲ್ಲಿ ಇನ್ನೊಂದು ಕಾಣುತ್ತದೆ. ಅದಕ್ಕೇ ಯಾವ ಬಟ್ಟೆಯನ್ನೂ ಕಿಟಕಿಯ ಹತ್ತಿರ ಒಮ್ಮೆ, ದೀಪದಡಿ ಒಮ್ಮೆ ಹಿಡಿದು ನೋಡದೆ ಕೊಡಬಾರದು. ಮೂವತ್ತು ವರ್ಷ ಈ ಕಾಟವನ್ನು ತಪ್ಪಿಸಿಕೊಳ್ಳಲು ಒದ್ದಾಡಿದ ಮನುಷ್ಯ ಇಂದು ಅದನ್ನೇ ಬೇಕೆಂದು ಕರೆತರಲು ಹೊರಟರು. ದಟ್ಟ ನೀಲಿಗೆ ಲೆಕ್ಕ ಹಾಕಿ ಕಂದು ಬೆರೆಸಿದರೆ, ಮನೆಯ ಹಳದಿ ಬಲ್ಬಿನಡಿ ಹೆಂಡತಿಗೆ ಅಚ್ಚ ಕಪ್ಪು. ಮದುವೆಮನೆಯ ಹಗಲು ಬೆಳಕಿನಲ್ಲಿ ನೆಂಟರಿಗೆ ಮಂಗಳಕರವಾದ ನೀಲಿ. ಅಲ್ಲಿ ಅವಳು ಕಂಡುಹಿಡಿದರೂ ನಾಲ್ಕು ಜನರ ಮುಂದೆ ಏನೂ ಅನ್ನಲಾರಳು. ಒಂದೇ ಗೌನಿನಲ್ಲಿ ಎರಡು ಮನೆಗಳ ಶಾಂತಿ! ತಮ್ಮ ಬುದ್ಧಿಗೆ ತಾವೇ ಬೆರಗಾಗಿ ಬಣ್ಣದವರು ಸ್ವಲ್ಪ ಹೊತ್ತು ಕೋಲು ಹಿಡಿದು ಹಾಗೇ ನಿಂತುಬಿಟ್ಟರು.

ಮೂರು ಸಲ ಅದ್ದಿ, ನಾಲ್ಕನೆಯ ಸಲ ಎತ್ತಿ ಕಿಟಕಿಗೆ ಹಿಡಿದು ನೋಡಿದರು. ನವಿಲಿನ ಕತ್ತಿನ ಹಾಗಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಬಲ್ಬಿನ ಕೆಳಗೆ ತಂದರೆ, ಬಾವಿಯೊಳಗೆ ಇಣುಕಿದಷ್ಟು ಕಪ್ಪು. ಮತ್ತೆ ಕಿಟಕಿ, ಮತ್ತೆ ಬಲ್ಬು. ಇಂಥದ್ದು ತಮ್ಮ ಕೈಯಿಂದ ಬಂತೇ ಎಂದು ಅವರ ಕಣ್ಣಲ್ಲಿ ನೀರೇ ಬಂತು.

ಮದುವೆಯ ಬೆಳಿಗ್ಗೆ ಮಲಗುವ ಕೋಣೆಯ ಪರದೆಯನ್ನು ಅವರು ಬಿಗಿಯಾಗಿ ಎಳೆದಿದ್ದರು. "ಆಚೆಮನೆಯವರು ಇಣುಕ್ತಾರೆ ಕಣೇ." ಹೆಂಡತಿ ಬಲ್ಬಿನಡಿ ನಿಂತು ಕನ್ನಡಿ ನೋಡಿಕೊಂಡು, "ರೀ, ಏನೇ ಅನ್ನಿ, ಕಪ್ಪು ಅಂದ್ರೆ ನಿಮ್ಮದೇ" ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವಳು ಹೊಗಳಿದ್ದು ಇದು ಎರಡನೆಯ ಸಲ. ಮೊದಲನೆಯದು ಯಾವಾಗ ಎಂದು ಬಣ್ಣದವರಿಗೆ ನೆನಪಿರಲಿಲ್ಲ, ಆದರೆ ಇರಲೇಬೇಕು. ದಾರಿಯ ಧೂಳು ಎಂದು ಹೇಳಿ ಅದರ ಮೇಲೆ ಕಾಲಿನವರೆಗೂ ಬರುವ ತಮ್ಮ ಮಳೆಕೋಟು ತೊಡಿಸಿ, ಗುಂಡಿಗಳನ್ನೆಲ್ಲ ತಾವೇ ಹಾಕಿ ಕರೆದುಕೊಂಡು ಹೊರಟರು. ಅವತ್ತು ಮೋಡದ ಸುಳಿವೇ ಇರಲಿಲ್ಲ.

ಮದುವೆಯ ಮನೆ ಒಂದು ದೊಡ್ಡ ಹಜಾರ. ಮುಂದೆ ಜಗುಲಿ, ಜಗುಲಿಯ ತುಂಬ ಬಿಸಿಲು. ಬಾಗಿಲಲ್ಲಿ ಅತಿಥಿಗಳನ್ನು ಎದುರುಗೊಳ್ಳುತ್ತ ನಿಂತಿದ್ದರು ಅಕ್ಕ. ಮದುವಣಗಿತ್ತಿಯ ತಾಯಿ. ಅಡಿಯಿಂದ ಮುಡಿಯವರೆಗೆ ಕಪ್ಪು!

ಬಣ್ಣದವರು ಗುರುತು ಹಿಡಿದರು. ಅದೇ ಗೌನು, ಇಪ್ಪತ್ತೈದು ವರ್ಷದ ಹಿಂದಿನದು. ಅಕ್ಕನ ಸುತ್ತ ನಾಲ್ಕು ಮಾರು ದೂರಕ್ಕೆ ಯಾರೂ ಇರಲಿಲ್ಲ. ಕಂಬಗಳ ಹಿಂದೆ ಮಾತ್ರ ಗುಸುಗುಸು ಧಾರಾಳವಾಗಿತ್ತು. ಅಕ್ಕನ ಮುಖ ಬಿಳಿಚಿಕೊಂಡಿತ್ತು, ಕಣ್ಣು ರಸ್ತೆಯ ಮೇಲಿತ್ತು.

"ಬಂದ್ಯಾ ಪುಟ್ಟಿ!" ಎಂದು ಆಕೆ ಬಿಟ್ಟ ಉಸಿರು ಜಗುಲಿಯ ಈಚೆಗೂ ಕೇಳಿಸಿತು.

"ಬಂದೆ ಅಕ್ಕ" ಎಂದು ತಂಗಿ ಮಳೆಕೋಟು ಬಿಚ್ಚಿದಳು.

ಬಿಸಿಲಿನಲ್ಲಿ ಗೌನು ನವಿಲಿನಂತೆ ಜಗ್ಗೆಂದು ಹೊಳೆಯಿತು. ಅಕ್ಕ ಅದನ್ನು ನೋಡಿದರು. ತಂಗಿಯೂ ಬಗ್ಗಿ ನೋಡಿಕೊಂಡಳು. ಆಮೇಲೆ ತಂಗಿ ಗಂಡನನ್ನು ನೋಡಿದಳು. ಅಕ್ಕ ತುಟಿ ಕಚ್ಚಿಕೊಂಡು ಒಳಗೆ ಹೋಗಿಬಿಟ್ಟರು.

ಹೆಂಡತಿ ಕೂಗಿದರೆ ಬಣ್ಣದವರಿಗೆ ಭಯವಿರಲಿಲ್ಲ, ಅದು ದಿನದ ಪಾಡು. ಮೆಲ್ಲಗೆ ಮಾತಾಡಿದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಈಗ ಅವಳು ತೀರ ಮೆಲ್ಲಗೆ ಮಾತಾಡಿದಳು.

"ನಮ್ಮ ಮದುವೆ ದಿನ ಬೆಳಗಾಗೋವರೆಗೂ ಕೂತು ನನ್ನ ಗೌನು ಹೊಲಿದೋಳು ಅಕ್ಕ. ತನ್ನ ಬಟ್ಟೆ ನೋಡ್ಕೊಳ್ಳೋಕೆ ಪುರಸೊತ್ತೇ ಇರಲಿಲ್ಲ. ಇಸ್ತ್ರಿ ಆಗಿದ್ದದ್ದು ಅದೊಂದೇ ಅಂತ ಹಾಕ್ಕೊಂಡು ಓಡಿ ಬಂದ್ಲು. ಇಷ್ಟು ವರ್ಷ ಯಾರಿಗೂ ಹೇಳದೆ ಹೋದ ತಿಂಗಳು ನನಗೆ ಹೇಳಿದ್ಲು. ನಾನೇ 'ಮಗಳ ಮದುವೇಲಿ ನೀನು ಅದೇ ಗೌನು ಹಾಕ್ಕೋ, ನಾನೂ ಕಪ್ಪೇ ಹಾಕ್ಕೊಂಡು ಪಕ್ಕದಲ್ಲಿ ನಿಲ್ತೀನಿ, ಯಾರು ಏನಂತಾರೋ ನೋಡೋಣ' ಅಂತ ಅವಳ ಕೈಲಿ ಮಾತು ತಗೊಂಡು ಬಂದಿದ್ದೆ. ಮದುವೆವರೆಗೂ ಯಾರಿಗೂ ಹೇಳ್ಬೇಡ ಅಂದಿದ್ಲು."

"ನನಗೇನು ಗೊತ್ತಿತ್ತೇ..."

"ನಿಮಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ. ಅವತ್ತು ಅವಳನ್ನ ನೋಡಿ ಮೊದಲು ಬಾಯಿ ಬಿಟ್ಟೋರು ಯಾರು? ಮದುವೆ ಗಂಡು! 'ಅರೆ, ಇದು ನಮ್ಮ ಅಂಗಡಿ ಸಾವಿನ ಕಪ್ಪು' ಅಂತ ಬೀಗಿಕೊಂಡು ನಾಲ್ಕು ಜನಕ್ಕೆ ತೋರ್ಸಿದ್ರಿ. ಆ ನಾಲ್ಕು ಜನ ನಾನೂರು ಜನಕ್ಕೆ ಹೇಳಿದ್ರು."

ಬಣ್ಣದವರಿಗೆ ನೆನಪಾಯಿತು. ತಮ್ಮ ಕೈಕೆಲಸ ಎಂಬ ಜಂಬದಲ್ಲಿ ಆಡಿದ ಮಾತು. ಅದು ಹೋಗಿ ಎಲ್ಲಿ ಚುಚ್ಚಿತು ಎಂದು ಅವರು ಯಾವತ್ತೂ ತಿರುಗಿ ನೋಡಿರಲಿಲ್ಲ.

"ಈಗ ನಾನೇನು ಮಾಡ್ಲಿ? ಹೇಳೇ, ಏನು ಬೇಕಾದ್ರೂ ಮಾಡ್ತೀನಿ."

"ಬಲ್ಬಿನಡಿ ಇದು ಕಪ್ಪು ತಾನೇ?"

"ಅಚ್ಚ ಕಪ್ಪು."

"ಹಾಗಾದ್ರೆ ಸೂರ್ಯನ್ನ ಆಚೆ ಹಾಕಿ."

ಹಜಾರಕ್ಕೆ ಹನ್ನೆರಡು ಕಿಟಕಿಗಳು, ಒಂದೊಂದೂ ಒಂದೂವರೆ ಆಳೆತ್ತರ. ಬಣ್ಣದವರು ಓಡಿದರು. ಐವತ್ತು ದಾಟಿದ ದೇಹ, ಹೊಸ ಚಪ್ಪಲಿ, ನುಣುಪು ನೆಲ, ಆದರೂ ಓಡಿದರು. ಒಂದು ಪರದೆ ಎಳೆದು ಎರಡನೆಯದಕ್ಕೆ ಹೋಗುವಷ್ಟರಲ್ಲಿ, ಮೊದಲನೆಯ ಕಿಟಕಿಯ ಪಕ್ಕ ಕೂತಿದ್ದ ದಢೂತಿ ಮಹಾಶಯರು "ಉಸ್ಸಪ್ಪಾ, ಗಾಳಿ" ಎಂದು ಅದನ್ನು ತೆರೆದರು. ಬಣ್ಣದವರು ವಾಪಸ್ಸು ಓಡಿ ಪರದೆ ಮುಚ್ಚಿ, ಯಾರದೋ ಕೈಯಿಂದ ಬೀಸಣಿಗೆ ಕಿತ್ತುಕೊಂಡು ಅವರ ಕೈಗಿಟ್ಟರು. ಐದನೆಯ ಕಿಟಕಿಯ ಬಳಿ ವಾದ್ಯದವರು "ಸ್ವಾಮಿ, ನಮಗೆ ಸ್ವರ ಬರೆದ ಹಾಳೆ ಕಾಣ್ಬೇಕಲ್ಲ" ಎಂದರು. "ಬಾಯಿಪಾಠ ಇಲ್ವೇನ್ರೀ? ಇಷ್ಟು ದೊಡ್ಡ ವಿದ್ವಾಂಸರು!" ಎಂದಾಗ ಅವರು ಅವಮಾನ ತಾಳಲಾರದೆ ಕಣ್ಣು ಮುಚ್ಚಿಯೇ ನುಡಿಸತೊಡಗಿದರು. ಒಂಬತ್ತನೆಯದರ ಹತ್ತಿರ ಗಂಡಿನ ತಂದೆ ಅಡ್ಡ ನಿಂತರು.

"ಏನ್ರೀ ಇದು, ಹಾಡುಹಗಲಲ್ಲೇ ಕತ್ತಲೆ ಮಾಡ್ತಿದ್ದೀರಿ?"

"ದೀಪದ ಬೆಳಕಲ್ಲೇ ಮದುಮಕ್ಕಳ ಮುಖಕ್ಕೆ ಕಳೆ ಬರೋದು, ಬೀಗರೇ. ಮೂವತ್ತು ವರ್ಷದಿಂದ ಬೆಳಕೇ ನನ್ನ ಕಸುಬು." (ಅಷ್ಟು ಬೆವರಿನಲ್ಲೂ ಅವರು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು.)

ಹನ್ನೆರಡನೆಯ ಪರದೆ ಬಿದ್ದು ದೀಪಗಳೆಲ್ಲ ಹೊತ್ತಿದ ಮೇಲೆ ಬಣ್ಣದವರು ಗೋಡೆಗೆ ಒರಗಿ ತಿರುಗಿ ನೋಡಿದರು.

ಹೆಂಡತಿ ಒಳಕೋಣೆಯಿಂದ ಅಕ್ಕನ ಕೈ ಹಿಡಿದು ಕರೆತರುತ್ತಿದ್ದಳು. ಇಬ್ಬರೂ ಕಪ್ಪು. ಹಜಾರದುದ್ದಕ್ಕೂ ಕೆಂಪು, ಹಳದಿ, ಹಸಿರು ಬಟ್ಟೆಗಳು. ನಡುವೆ ಈ ಎರಡು ಕಪ್ಪು ನಡೆದು ಬರುತ್ತಿದ್ದರೆ ಉಳಿದ ಬಣ್ಣಗಳೆಲ್ಲ ದಾರಿ ಬಿಟ್ಟು ಸರಿದಂತಿತ್ತು. ಗುಸುಗುಸು ನಿಂತಿತು. ಒಬ್ಬಳೇ ನಿಂತಾಗ ಆಡಿಕೊಂಡ ಬಾಯಿಗಳಿಗೆ ಇಬ್ಬರನ್ನು ಕಂಡಾಗ ಏನು ಹೇಳಬೇಕೆಂದೇ ತೋಚಲಿಲ್ಲ. ಮದುವಣಗಿತ್ತಿ ಮೆಟ್ಟಿಲ ಮೇಲಿಂದಲೇ "ಅಮ್ಮಾ, ಚಿಕ್ಕಮ್ಮಾ, ರಾಣಿಯರ ಹಾಗಿದ್ದೀರಲ್ಲೇ!" ಎಂದು ಕೂಗಿದಳು. ತಂಗಿ ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು, ಅಕ್ಕ ನಕ್ಕರು.

ಬಣ್ಣದವರು ಬಾಯಿ ತೆರೆದುಕೊಂಡು ನಿಂತರು. ಮೂವತ್ತು ವರ್ಷದಿಂದ ಅವರು ಎಷ್ಟೋ ಸಾವಿರ ಗಜ ಕಪ್ಪು ಅದ್ದಿದ್ದರು. ಅದೆಲ್ಲ ತಲೆ ತಗ್ಗಿಸಿಕೊಂಡು, ಕಣ್ಣೊರೆಸಿಕೊಂಡು ಹೋದದ್ದನ್ನೇ ನೋಡಿದ್ದರು. ತಮ್ಮ ಕಪ್ಪು ನಗುವುದನ್ನು ಅವರು ಕಂಡದ್ದು ಇದೇ ಮೊದಲು. ಇಷ್ಟು ಚೆಂದವೇ ಇದು! ಇಷ್ಟು ವರ್ಷ ಇದನ್ನು ಬರೀ ಸಾವಿಗೆ ಬರೆದುಕೊಟ್ಟಿದ್ದೆನಲ್ಲ ಎಂದುಕೊಂಡರು.

ಅಷ್ಟು ಹೊತ್ತಿಗೆ ಫೋಟೋದವನು ಬಂದು ಚಪ್ಪಾಳೆ ತಟ್ಟಿದ. "ಮನೆಯವರೆಲ್ಲ ತೋಟಕ್ಕೆ ಬನ್ನಿ! ಒಳ್ಳೇ ಬಿಸಿಲಿದೆ!"

ಬಣ್ಣದವರು ಓಡಿಬಂದರು. "ಒಳಗೇ ತೆಗೀರಿ ಮಾರಾಯ್ರೇ, ಇಲ್ಲೇ ಚೆನ್ನಾಗಿದೆ" ಎಂದು ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತರು. ಅಕ್ಕ ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಬಿಡಿ ಬಣ್ಣದವರೇ. ಇಷ್ಟು ವರ್ಷ ಒಳಗೇ ಇದ್ದೆ, ಇನ್ನು ಬಿಸಿಲಿಗೆ ಹೆದರೋಳಲ್ಲ."

ತೋಟದಲ್ಲಿ ತಂಗಿಯ ಗೌನು ಮತ್ತೆ ನೀಲಿಯಾಯಿತು. ಜನ "ಆಹಾ!" ಎಂದರು, ಕೆಲವರು ಹತ್ತಿರ ಬಂದು ಮುಟ್ಟಿ ನೋಡಿದರು. ಅಕ್ಕನ ಕಪ್ಪು ಮಾತ್ರ ಬಿಸಿಲಿನಲ್ಲೂ ಕಪ್ಪೇ.

"ಪುಟ್ಟಿ, ಫೋಟೋದಲ್ಲಿ ಮತ್ತೆ ನಾನೊಬ್ಬಳೇ ಆದೆ ನೋಡು" ಎಂದು ಅಕ್ಕ ನಗುತ್ತಲೇ ಅಂದರು, ಆದರೆ ದನಿ ಒಂದಿಷ್ಟು ಅದುರಿತು.

"ಒಬ್ಬಳೇ ಯಾಕಾಗ್ತೀಯಾ?" ಎಂದ ತಂಗಿ ಅಕ್ಕನ ಹೆಗಲ ಮೇಲಿದ್ದ ಕರಿ ಶಾಲನ್ನು ಎಳೆದುಕೊಂಡು ಗಂಡನ ಕಡೆಗೆ ತಿರುಗಿದಳು. ಕುಚ್ಚುಗಳಿದ್ದ, ಹೆಂಗಸರ ಶಾಲು.

"ಬೇಡ ಕಣೇ! ನಾಲ್ಕು ಜನ..."

"ಅದೇ ನಾಲ್ಕು ಜನ ನೋಡ್ಲಿ."

ಬಣ್ಣದವರು ಅಕ್ಕನ ಮುಖ ನೋಡಿದರು. ಆಮೇಲೆ ತಲೆ ಬಗ್ಗಿಸಿದರು. ಹೆಂಡತಿ ಬೋಳುತಲೆಯಿಂದ ಮೊಣಕಾಲಿನವರೆಗೂ ಅಚ್ಚುಕಟ್ಟಾಗಿ ಹೊದಿಸಿ, ಮದುಮಕ್ಕಳ ಪಕ್ಕದಲ್ಲಿ, ಅಕ್ಕನ ಮಗ್ಗುಲಿಗೆ ನಿಲ್ಲಿಸಿದಳು. ಫೋಟೋದವನು "ನಗಿ" ಎಂದ. ಉಳಿದವರಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಆ ಫೋಟೋವನ್ನು ಹೆಂಡತಿ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಅಂಗಡಿಯಲ್ಲಿ ಒಳಗೆ ಬಂದ ಕೂಡಲೇ ಕಾಣುವ ಹಾಗೆ ತೂಗುಹಾಕಿದ್ದಾಳೆ. ಅದನ್ನು ನೋಡಿ ಮದುವೆಗೆಂದೇ ಕಪ್ಪು ಹಾಕಿಸಿಕೊಳ್ಳುವವರು ಬರತೊಡಗಿದ್ದಾರೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ:

"ಹುಡುಗಿ ತಾಯಿ ಪಕ್ಕ ಶಾಲು ಹೊದ್ಕೊಂಡು ನಿಂತಿದ್ದಾರಲ್ಲ, ಆ ಅಜ್ಜಿ ಯಾರು?"

ಬಣ್ಣದವರು ತೊಟ್ಟಿಯೊಳಗೆ ಮುಖ ಹುದುಗಿಸುತ್ತಾರೆ. ಒಳಗಿನಿಂದ ಹೆಂಡತಿಯ ದನಿ ಬರುತ್ತದೆ:

"ಅಜ್ಜಿ ಅಲ್ಲಮ್ಮಾ, ನಮ್ಮನೆಯವರು. ಮದುವೆಗೆ ಯಾವ ಬಣ್ಣ ಹಾಕ್ಕೋಬೇಕು ಅಂತ ಅವರನ್ನೇ ಕೇಳಿ, ಎಲ್ಲ ಅವರಿಗೇ ಗೊತ್ತು."