ಬಫರ್ ಲೆಕ್ಕಕ್ಕೆ ಹನ್ನೊಂದು ಸೌಟು ಮಜ್ಜಿಗೆ

ನಾನು ಶಾಲೆಗೆ ಹೋದವಳಲ್ಲ. ಆದರೂ ಕಡಬದ ನಮ್ಮ ಮನೆಗೆ ಪರೀಕ್ಷೆ ಬಂತೆಂದರೆ ಅದರಲ್ಲಿ ನನಗೂ ಎಂತಾದರೂ ಒಂದು ಕೆಲಸ ಬಿದ್ದೇ ಬೀಳುತ್ತದೆ. ಮೊಮ್ಮಗಳು ಪುತ್ತೂರಿನ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ಬಫರ್ ಲೆಕ್ಕದಲ್ಲಿ ಒಮ್ಮೆ ಫೇಲು. ಈ ಸಲವೂ ಹೋದರೆ ಡಿಗ್ರಿ ಸಿಗುವುದು ಇನ್ನೊಂದು ವರ್ಷ ಬಿಟ್ಟು.

ರುಚಿ ನೋಡಬಾರದು

“ಬಫರ್ ಅಂದ್ರೆ ಎಂತ ಮಗಾ?” ಎಂದು ಕೇಳಿದೆ.

“ಗ್ಲೈಸಿನ್ ಅಂತ ಒಂದು ಅಮೈನೋ ಆಸಿಡ್ ಉಂಟು ಅಜ್ಜಿ. ಅದನ್ನು ನೀರಲ್ಲಿ ಹದ ಮಾಡಿ ಇಟ್ರೆ, ಮೇಲಿಂದ ಸ್ವಲ್ಪ ಹುಳಿ ಹಾಕಿದ್ರೂ, ಸೋಡಾ ಹಾಕಿದ್ರೂ ಅದರ ಹುಳಿ ಹೆಚ್ಚೇನೂ ಬದಲಾಗುದಿಲ್ಲ.”

“ಓ, ನಿನ್ನ ಅಜ್ಜನ ಹಾಗೆ. ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ.”

ಜಗಲಿಯಲ್ಲಿದ್ದ ಅಜ್ಜ ಪೇಪರಿನ ಪುಟ ಮಗುಚಿದರು.

“ಹದಕ್ಕೆ ಲೆಕ್ಕ ಯಾಕೆ?” ಎಂದೆ ನಾನು. “ನಾಲಿಗೆಗೆ ಒಂದು ಹನಿ ಬಿಟ್ಟು ನೋಡು.”

“ಲ್ಯಾಬಿನಲ್ಲಿ ರುಚಿ ನೋಡ್ಲಿಕ್ಕೆ ಇಲ್ಲ ಅಜ್ಜಿ. ಮೇಡಂ ಹೊರಗೆ ಹಾಕ್ತಾರೆ.”

“ಹಾಗಾದ್ರೆ ನಿನ್ನ ಮೇಡಂ ಊಟಕ್ಕೆ ಕರೆದರೆ ನಾನು ಬರುವುದಿಲ್ಲ.”

ನೂರಹತ್ತು ಸೌಟು

ನಾನು ಕಾಯಿ ತುರಿಯುತ್ತಿದ್ದೆ. ಅವಳು ಪಕ್ಕದಲ್ಲೇ ಕೂತು ಗಟ್ಟಿಯಾಗಿ ಲೆಕ್ಕ ಮಾಡುತ್ತಿದ್ದಳು. “ಒಟ್ಟು ಹನ್ನೊಂದು ಪಾಲು. ಆಸಿಡ್ ಒಂದಕ್ಕೆ ಅದರ ಜೋಡಿ ಬೇಸ್ ಹತ್ತು. ಹನ್ನೊಂದನ್ನು ಹತ್ತರಿಂದ ಗುಣಿಸಿದ್ರೆ ಬೇಸ್ ನೂರಹತ್ತು!”

“ನಿಲ್ಲು ಮಾರಾಯ್ತಿ. ಪಾತ್ರೆಯಲ್ಲಿ ಇರುವುದೇ ಹನ್ನೊಂದು ಸೌಟು ಮಜ್ಜಿಗೆ ಅಂತ ಇಟ್ಟುಕೋ. ನೂರಹತ್ತು ಸೌಟು ಬಡಿಸುವುದು ಹೇಗೆ? ಹಾಗೆ ಆಗುವುದಾದರೆ ನಿನ್ನನ್ನು ಮದುವೆ ಅಡುಗೆಗೆ ಕಳಿಸುವ.”

ಅವಳ ಪೆನ್ನು ನಿಂತಿತು. “ಎರಡೂ ಸೇರಿ ಹನ್ನೊಂದೇ ಆಗ್ಬೇಕು! ಬೇಸ್ ಹತ್ತು, ಆಸಿಡ್ ಒಂದು. ಅಯ್ಯೋ ಅಜ್ಜಿ, ಹೋದ ಸಲ ನಾನು ಬಿದ್ದದ್ದೇ ಇಲ್ಲಿ. ಕ್ಲಾಸಲ್ಲಿ ಎಷ್ಟು ಹೇಳಿದ್ರೂ ತಲೆಗೆ ಹೋಗ್ಲಿಲ್ಲ.”

“ಮೇಡಂ ಮಜ್ಜಿಗೆ ತರ್ಲಿಲ್ಲ ಕಾಣ್ತದೆ.”

ಉದಾಹರಣೆ ಸಹಿತ

ಪರೀಕ್ಷೆಗೆ ಬೇರೆ ಊರಿನಿಂದ ಬಂದ ಪರೀಕ್ಷಕರು ಅವಳ ಲೆಕ್ಕ ನೋಡಿ “ಸರಿ ಉಂಟು” ಎಂದರಂತೆ. ಆಮೇಲೆ, “ಬಫರಿಗೆ ಒಂದು ಉದಾಹರಣೆ ಕೊಡಮ್ಮ.”

ಗಾಬರಿಯಲ್ಲಿ ಇವಳ ಬಾಯಿಂದ ಬಂದದ್ದು, “ನಮ್ಮ ಅಜ್ಜ, ಸಾರ್!”

ಯಾಕೆ ಎಂದು ಕೇಳಿದರಂತೆ. ಇವಳು ಹೇಳಿದಳಂತೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಗ್ಲೈಸಿನ್ ಹೆಸರನ್ನೂ ಹೇಳಿಸಿಕೊಂಡು ಕಳಿಸಿದರಂತೆ.

ಫಲಿತಾಂಶ ಬಂದ ದಿನ ಬಸ್ಸಿಳಿದು ಓಡಿಕೊಂಡೇ ಬಂದಳು. “ಅಜ್ಜಾ, ನಾನು ಪಾಸ್! ಪರೀಕ್ಷೆಯಲ್ಲಿ ಬಫರಿಗೆ ನಿಮ್ಮ ಹೆಸರನ್ನೇ ಹೇಳಿದ್ದೆ!”

ಇವತ್ತಾದರೂ ಇವರ ಮುಖ ಅರಳೀತು ಎಂದು ನಾನು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದೆ.

“ಹೌದಾ?” ಎಂದರು. ಪೇಪರಿನ ಪುಟ ಮಗುಚಿದರು.

ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು, “ಅಜ್ಜಿ, ಆ ಪರೀಕ್ಷಕರನ್ನು ಇಲ್ಲಿಗೇ ಕರ್ಕೊಂಡು ಬರ್ಬೇಕಿತ್ತು.”